ಎಲ್ಲರಿಗೂ ಗೊತ್ತು, ಅವಳೊಬ್ಬಳನ್ನು ಬಿಟ್ಟು

ಮೇಡಂ ಪಾಠ ಮಾಡಿದರೆ ಬೆಂಚಿಗೂ ಅರ್ಥವಾಗುತ್ತದೆ ಎಂಬ ಮಾತು ಆ ಕಾಲೇಜಿನಲ್ಲಿತ್ತು. ಅದನ್ನು ಮೊದಲು ಹೇಳಿದವರು ಯಾರೆಂದು ಕೆದಕುತ್ತ ಹೋದರೆ ಜಾಡು ಹೆಚ್ಚುಕಡಿಮೆ ಮೇಡಂ ಅವರ ಬಾಗಿಲಿಗೇ ಬಂದು ನಿಲ್ಲುತ್ತದೆ. ಇರಲಿ, ಮಾತು ಮಾತ್ರ ಸುಳ್ಳಲ್ಲ. ಬೇರೆಯವರ ತರಗತಿಯಲ್ಲಿ ಆಕಳಿಸುವ ಮಕ್ಕಳು ಅವರ ತರಗತಿಯಲ್ಲಿ ನೆಟ್ಟಗೆ ಕೂರುತ್ತಿದ್ದರು. ಅದರಲ್ಲೂ ಆ ಹಳೆಯ ದುರಂತ ನಾಟಕದ ಪಾಠ ಬಂತೆಂದರೆ ಪಕ್ಕದ ತರಗತಿಯವರೂ ಕಿಟಕಿಯ ಹತ್ತಿರದ ಜಾಗಕ್ಕೆ ಕಿತ್ತಾಡುತ್ತಿದ್ದರು.

ನಾಟಕದ ಕಥೆ ದೊಡ್ಡದೇನಲ್ಲ. ಕೋಟೆಯೊಳಗೆ ಒಬ್ಬ ರಾಜ, ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳನ್ನು ಮದುವೆಯಾಗಬೇಕಿದ್ದ ಸೇನಾಪತಿ ಯುದ್ಧದಲ್ಲಿ ಸತ್ತಿದ್ದಾನೆ. ಸುದ್ದಿ ಹೊರಬಿದ್ದರೆ ಶತ್ರುಗಳಿಗೆ ಧೈರ್ಯ ಬಂದೀತೆಂದು ರಾಜ ಎಲ್ಲರ ಬಾಯಿಗೂ ಬೀಗ ಹಾಕಿಸುತ್ತಾನೆ. ಕಿರಿಯವಳಿಗೆ ಗೊತ್ತು, ದಾಸಿಯರಿಗೆ ಗೊತ್ತು, ಬಾಗಿಲು ಕಾಯುವವನಿಗೂ ಗೊತ್ತು. ಹಿರಿಯವಳು ಮಾತ್ರ ಅವನಿಗೆ ದಾರಿ ಕಾಣಲೆಂದು ಕೋಟೆಯ ಗೋಡೆಯುದ್ದಕ್ಕೂ ದೀಪ ಹಚ್ಚಿಸುತ್ತಾಳೆ. ಆ ಬೆಳಕಿನಲ್ಲಿ ದಾರಿ ಕಂಡದ್ದು ಶತ್ರುಗಳಿಗೆ. ಬೆಳಗಾಗುವಷ್ಟರಲ್ಲಿ ಕೋಟೆಯೂ ಇಲ್ಲ, ರಾಜನೂ ಇಲ್ಲ.

ಮೇಡಂ ಬೋರ್ಡಿನ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆಯುತ್ತಿದ್ದರು. ಎಡಕ್ಕೆ ಅಕ್ಕ, ಬಲಕ್ಕೆ ತಂಗಿ. ಅಕ್ಕನ ಕೆಳಗೆ: ನಂಬುವವಳು, ಮಾತುಗಾತಿ, ಕುರುಡು ಆಸೆ. ತಂಗಿಯ ಕೆಳಗೆ: ತಿಳಿದವಳು, ಮೌನಿ, ತ್ಯಾಗ. “ಇದಕ್ಕೆ ಪಾತ್ರ ವೈದೃಶ್ಯ ಅಂತಾರೆ. ಒಬ್ಬಳ ಪಕ್ಕದಲ್ಲಿ ಇನ್ನೊಬ್ಬಳನ್ನ ನಿಲ್ಲಿಸಿದಾಗಲೇ ಇಬ್ಬರೂ ಸರಿಯಾಗಿ ಕಾಣೋದು,” ಎನ್ನುತ್ತಿದ್ದರು. ಆಮೇಲೆ ನಾಟಕೀಯ ವ್ಯಂಗ್ಯ. “ನೋಡ್ತಾ ಕೂತವರಿಗೆಲ್ಲ ಗೊತ್ತು, ರಂಗದ ಮೇಲಿರೋ ಒಬ್ಬಳಿಗೆ ಮಾತ್ರ ಗೊತ್ತಿಲ್ಲ. ಅವಳು ಖುಷಿಯಾಗಿ ಆಡೋ ಒಂದೊಂದು ಮಾತೂ ನಮ್ಮ ಹೊಟ್ಟೆಗೆ ಚುಚ್ಚುತ್ತೆ.” ಇಷ್ಟು ಹೇಳಿ ಪುಸ್ತಕ ಮುಚ್ಚಿ ಮೇಜಿನ ಅಂಚಿಗೆ ಒರಗುತ್ತಿದ್ದರು. ಮಕ್ಕಳು ಕಾಯುತ್ತಿದ್ದದ್ದು ಇದಕ್ಕೇ. ಉದಾಹರಣೆ ಬರುತ್ತದೆ ಎಂದು ಹಿಂದಿನ ವರ್ಷದವರು ಮೊದಲೇ ಹೇಳಿಟ್ಟಿರುತ್ತಿದ್ದರು.

ಆ ಉದಾಹರಣೆ ಮೊದಲು ‘ನನಗೆ ಗೊತ್ತಿದ್ದ ಒಬ್ಬ ಹೆಂಗಸು’ ಎಂದು ಶುರುವಾಗುತ್ತಿತ್ತು. ಮಕ್ಕಳು ಕೇಳಿದರು, ಬರೆದುಕೊಂಡರು, ಮರೆತರು. ಆಮೇಲೆ ಅದು ‘ನಮ್ಮ ಬೀದಿಯವಳು’ ಆಯಿತು. ಒಂದು ವರ್ಷ ತರಗತಿ ಯಾಕೋ ತೂಕಡಿಸುತ್ತಿತ್ತು. ಮೇಡಂ ಬಾಯಿಂದ ‘ನನ್ನ ಸ್ವಂತ ಅಕ್ಕ’ ಎಂದು ಬಂದುಬಿಟ್ಟಿತು. ತರಗತಿ ಎದ್ದು ಕೂತಿತು. ಚಪ್ಪಾಳೆಯ ರುಚಿ ಹತ್ತಿದ ಮೇಲೆ ಬಿಡುವುದುಂಟೇ? ಅಲ್ಲಿಂದಾಚೆ ಅಕ್ಕನಿಲ್ಲದೆ ಪಾಠವೇ ಇಲ್ಲ.

ಅಕ್ಕನ ಕಥೆ ಇದು. ಗಡಿಯಾರ ರಿಪೇರಿ ಮಾಡುವ ಒಬ್ಬ ಹುಡುಗ ಅವಳನ್ನು ಮೆಚ್ಚಿದ್ದ, ಭಾನುವಾರ ಮನೆಗೆ ಬಂದು ನಿಮ್ಮಪ್ಪನ ಹತ್ತಿರ ಮದುವೆಯ ಮಾತಾಡುತ್ತೇನೆ ಎಂದಿದ್ದ. ಆ ದಿನ ಬೆಳಿಗ್ಗೆ ಪಕ್ಕದ ಮನೆಗೆ ಫೋನು ಬಂತು: ಅವನಿಗೆ ಬೇರೆ ಕಡೆ ಮದುವೆಯಾಗಿಹೋಗಿದೆ. ಅದನ್ನು ಅವಳಿಗೆ ಹೇಳುವ ಧೈರ್ಯ ಅಪ್ಪನಿಗೆ ಆಗಲಿಲ್ಲ. ‘ಸಂಜೆ ತಾನಾಗೇ ತಿಳ್ಕೊಳ್ಳಲಿ, ಯಾರೂ ಬಾಯಿ ಬಿಡಬೇಡಿ’ ಎಂದ. ಅಮ್ಮ ಬಿಡಲಿಲ್ಲ, ತಮ್ಮ ಬಿಡಲಿಲ್ಲ. ಅಕ್ಕ ತಾನೇ ಹೊಲಿದುಕೊಂಡ ಹೊಸ ಬಟ್ಟೆ ಹಾಕಿಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮಧ್ಯಾಹ್ನವಿಡೀ ಕೂತಳು. ಕತ್ತಲಾಗುತ್ತ ಬಂದಾಗ ಎಲ್ಲರ ಕಡೆ ತಿರುಗಿ, ನಗುತ್ತ, ‘ಬಸ್ಸು ತಡ ಆಗಿರಬೇಕು’ ಎಂದಳು.

ಇಲ್ಲಿ ತರಗತಿ ಗೊಳ್ಳೆಂದು ನಗುತ್ತಿತ್ತು. ಮೇಡಂ ನಗುವನ್ನು ತಡೆಯುತ್ತಿರಲಿಲ್ಲ, ಅದು ತಾನಾಗಿ ಇಳಿಯುವವರೆಗೆ ಕಾದು, ದನಿ ತಗ್ಗಿಸಿ ಹೇಳುತ್ತಿದ್ದರು: “ಅವತ್ತು ಅವಳಿಗೆ ಜಡೆ ಹಾಕಿದ್ದು ಯಾರು ಗೊತ್ತಾ? ತಂಗಿ. ಎಲ್ಲಾ ಗೊತ್ತಿದ್ದು, ಒಂದು ಮಾತಾಡದೆ ಜಡೆ ಹಾಕಿದಳು. ಅವಳ ಸಂಕಟ ಯೋಚನೆ ಮಾಡಿ.” ಮಕ್ಕಳ ಕಣ್ಣು ಒದ್ದೆಯಾಗುತ್ತಿತ್ತು, ಅಕ್ಕನಿಗಾಗಿ ಅಲ್ಲ, ಮೇಡಂಗಾಗಿ. ಈ ಚಳಕ ಎಲ್ಲರಿಗೂ ಬರುವುದಿಲ್ಲ.

ಈ ವರ್ಷ ಮಾತ್ರ ಗುಬ್ಬಿ ಎಂದು ಎಲ್ಲರೂ ಕರೆಯುವ ಸಣ್ಣ ಹುಡುಗಿಯೊಬ್ಬಳು ಎದ್ದು ನಿಂತು, “ಮೇಡಂ, ತ್ಯಾಗ ಅಂದ್ರೆ ತನ್ನದು ಏನಾದ್ರೂ ಬಿಟ್ಟುಕೊಡೋದಲ್ವಾ? ತಂಗಿ ಬಿಟ್ಟಿದ್ದೇನು?” ಎಂದಳು.

“ಮೊದಲು ನಾಟಕ ಪೂರ್ತಿ ಓದು, ಆಮೇಲೆ ಪ್ರಶ್ನೆ ಕೇಳು,” ಎಂದರು ಮೇಡಂ. ಗುಬ್ಬಿ ಕೂತಳು. ಅವಳು ಪೂರ್ತಿ ಓದಿದ್ದಳು ಎನ್ನುವುದು ಮೇಡಂಗೆ ಗೊತ್ತಿತ್ತು.

ಆ ಪಾಠ ಮುಗಿದು ಸ್ವಲ್ಪ ದಿನಕ್ಕೆ ಅಕ್ಕನೇ ಬಂದಿಳಿದಳು. ಬೇರೆ ಊರಿನಲ್ಲಿ ಅವಳು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಕಟ್ಟಡವನ್ನು ಕೆಡವಿದ್ದರು. ಆ ಭಾನುವಾರದ ಮೇಲೆ ಮದುವೆಯ ಗೊಡವೆಗೆ ಹೋದವಳಲ್ಲ. ಒಂಟಿಯಾಗಿದ್ದ ಮೇಡಂ, “ಇಲ್ಲೇ ಬಂದಿರು, ನನಗೂ ಜೊತೆ,” ಎಂದು ತಾವೇ ಕರೆದಿದ್ದರು. ಕರೆಯುವಾಗ ಉದಾಹರಣೆ ನೆನಪಿಗೆ ಬರಲಿಲ್ಲವೆಂದಲ್ಲ. ಅಕ್ಕ ಮನೆಯಲ್ಲಿರುತ್ತಾಳೆ, ಮಕ್ಕಳು ಕಾಲೇಜಿನಲ್ಲಿರುತ್ತಾರೆ ಎಂದುಕೊಂಡಿದ್ದರು. ಆದರೆ ಅಕ್ಕ ಸುಮ್ಮನೆ ಕೂರುವ ಪೈಕಿಯೇ? ವಾರ ಕಳೆಯುವುದರೊಳಗೆ ಕಾಲೇಜಿನ ಗೇಟಿನ ಎದುರಿಗಿದ್ದ ಝೆರಾಕ್ಸ್ ಅಂಗಡಿಯ ಮುಂದಿನ ಕಟ್ಟೆಯಲ್ಲಿ ತನ್ನ ಹೊಲಿಗೆ ಯಂತ್ರ ಇಟ್ಟಳು. ಸಮವಸ್ತ್ರದ ಪ್ಯಾಂಟು ಗಿಡ್ಡ ಮಾಡಬೇಕೇ, ಬಿಚ್ಚಿಹೋದ ಹೊಲಿಗೆ ಹಾಕಬೇಕೇ, ಗುಂಡಿ ಕಟ್ಟಬೇಕೇ, ಎಲ್ಲರೂ ಅಲ್ಲಿಗೇ. ಇವಳೇ ಮೇಡಂ ಅಕ್ಕ ಎಂದು ಮಕ್ಕಳಿಗೆ ತಿಳಿಯಲು ಒಂದು ಮಧ್ಯಾಹ್ನ ಸಾಕಾಯಿತು. ಅವಳೇ ಹೆಮ್ಮೆಯಿಂದ ಹೇಳಿಕೊಂಡಿದ್ದಳು.

“ನಿನ್ನ ಮಕ್ಕಳು ಎಷ್ಟು ಒಳ್ಳೇವು ಕಣೇ,” ಎಂದಳು ಒಂದು ಸಂಜೆ, ಊಟಕ್ಕೆ ಕೂತಾಗ. “ನನ್ನ ನೋಡಿದ ತಕ್ಷಣ ನಗ್ತಾವೆ. ಬರೋದೂ ನಗ್ತಾ, ಹೋಗೋದೂ ನಗ್ತಾ. ಆ ಊರಲ್ಲಿ ಇಷ್ಟು ವರ್ಷ ಇದ್ದೆ, ಒಬ್ಬರು ಹೀಗೆ ನಕ್ಕಿದ್ದಿಲ್ಲ.”

ಮೇಡಂ ತಟ್ಟೆಯ ಮೇಲಿಂದ ಮುಖ ಎತ್ತಲಿಲ್ಲ. ನಾಚಿಕೆ ಅವರ ಕಿವಿಯವರೆಗೂ ಏರಿತು. ಅಕ್ಕ, “ಖಾರ ಜಾಸ್ತಿ ಆಯ್ತಾ?” ಎಂದು ನೀರು ಬಗ್ಗಿಸಿಕೊಟ್ಟಳು. ಅಂದೇ ಹೇಳಿಬಿಡಬೇಕಿತ್ತು. ನಾಳೆ ಹೇಳೋಣ ಎಂದುಕೊಂಡರು. ನಾಳೆ ಎಂದವರ ಮನೆ ಹಾಳು ಎನ್ನುವುದು ಗೊತ್ತಿಲ್ಲದವರೇನಲ್ಲ, ಆದರೂ ನಾಳೆ ಎಂದುಕೊಂಡರು.

ಅಷ್ಟರಲ್ಲಿ ಮಾದರಿ ಪಾಠ ಬಂದು ವಕ್ಕರಿಸಿತು. ಸುತ್ತಲಿನ ಕಾಲೇಜುಗಳ ಮೇಷ್ಟ್ರುಗಳೆಲ್ಲ ಬಂದು ಹಿಂದೆ ಕೂತು ನೋಡುತ್ತಾರೆ, ಮೇಡಂ ಆ ನಾಟಕವನ್ನೇ ಪಾಠ ಮಾಡಬೇಕು ಎಂದರು ಪ್ರಿನ್ಸಿಪಾಲರು. ಪಾತ್ರಗಳ ಬಟ್ಟೆ ಹಾಕಿಕೊಂಡು ಮಕ್ಕಳು ಒಂದು ದೃಶ್ಯ ಓದಲಿ ಎಂದೂ ಸೇರಿಸಿದರು. “ಬಟ್ಟೆಗೆ ಯೋಚನೆಯೇ ಇಲ್ಲವಲ್ಲ, ನಿಮ್ಮ ಅಕ್ಕನವರೇ ಇದ್ದಾರೆ!” ಬೇಡವೆನ್ನಲು ಮೇಡಂಗೆ ಒಂದು ಕಾರಣವೂ ಸಿಗಲಿಲ್ಲ. ಇದ್ದ ಕಾರಣವನ್ನು ಹೇಳುವಂತಿರಲಿಲ್ಲ.

ಹಿಂದಿನ ದಿನ ತರಗತಿಯಲ್ಲಿ, “ನಾಳೆ ಆ ಉದಾಹರಣೆ ಹೇಳಲ್ಲ. ನೀವೂ ಯಾರೂ ಎತ್ತಬೇಡಿ,” ಎಂದರು.

“ಗೊತ್ತು ಮೇಡಂ,” ಎಂದ ಬಾಯಿಬಡುಕನೆಂದೇ ಹೆಸರಾದ ಹುಡುಗ. ಅವನಂಥವನೂ ತಮಾಷೆ ಮಾಡಲಿಲ್ಲ. ಮಕ್ಕಳು ಆಗಲೇ ತಮ್ಮತಮ್ಮಲ್ಲಿ ಹೀಗೆಂದು ಮಾತಾಡಿಕೊಂಡಿದ್ದರು ಎಂದು ಮೇಡಂಗೆ ಹೊಳೆಯಿತು. ತಮಗಿಂತ ಮೊದಲು ಅವರಿಗೆ ನಾಚಿಕೆಯಾಗಿತ್ತು.

ಮಾರನೆಯ ದಿನ ಹಿಂದಿನ ಬೆಂಚುಗಳಲ್ಲಿ ಇಸ್ತ್ರಿ ಅಂಗಿಯ ಮೇಷ್ಟ್ರುಗಳು ತುಂಬಿದ್ದರು. ರಾಜಕುಮಾರಿಯ ವೇಷದಲ್ಲಿ ಬರುತ್ತಿದ್ದ ಗುಬ್ಬಿಯ ನಿಲುವಂಗಿ ಬಾಗಿಲ ಮೊಳೆಗೆ ಸಿಕ್ಕಿ ಅಂಚು ಉದ್ದಕ್ಕೆ ಬಿಚ್ಚಿಕೊಂಡಿತು. ಪ್ರಿನ್ಸಿಪಾಲರು ಗೇಟಿಗೆ ಆಳು ಕಳಿಸಿದರು. ಅಕ್ಕ ಸೂಜಿ ದಾರ ಹಿಡಿದು ಓಡಿಬಂದಳು. “ಇಲ್ಲೇ ಮೂಲೆಯಲ್ಲಿ ಕೂತು ಹಾಕಿಬಿಡಿ, ಪಾಠ ಶುರುವಾಗಲಿ,” ಎಂದರು ಅವರು. ಅಕ್ಕ ಕೊನೆಯ ಬೆಂಚಿನ ತುದಿಯಲ್ಲಿ, ಗುಬ್ಬಿ ಸಮವಸ್ತ್ರದ ಮೇಲಿಂದ ತೆಗೆದುಕೊಟ್ಟ ನಿಲುವಂಗಿಯನ್ನು ಮಡಿಲಿಗೆ ಹಾಕಿಕೊಂಡು ಕೂತಳು. ತಂಗಿಯ ಕಡೆ ನೋಡಿ, ಒಮ್ಮೆಯಾದರೂ ನಿನ್ನ ಪಾಠ ಕೇಳುವ ಆಸೆಯಿತ್ತು ಎನ್ನುವ ಹಾಗೆ ತಲೆಯಾಡಿಸಿದಳು.

ಪಾಠ ಚೆನ್ನಾಗಿಯೇ ನಡೆಯಿತು. ಗೆರೆ ಎಳೆದರು, ಅಕ್ಕ-ತಂಗಿ ಎಂದು ಬರೆದರು. ನಾಟಕೀಯ ವ್ಯಂಗ್ಯಕ್ಕೆ, ಪರೀಕ್ಷೆ ಮುಂದಕ್ಕೆ ಹೋಗಿರುವುದು ಗೊತ್ತಿಲ್ಲದೆ ಕೂತು ಓದುವ ಹುಡುಗನ ಉದಾಹರಣೆ ಕೊಟ್ಟರು. ಸಪ್ಪೆ ಉದಾಹರಣೆ. ಮಕ್ಕಳು ಮೇಡಂ ಮರ್ಯಾದೆ ಉಳಿಸಲೆಂದು ಅದಕ್ಕೂ ನಕ್ಕರು.

ಕೊನೆಗೆ ಬಂದವರು ಮಾತಾಡಬೇಕಿತ್ತು. ಒಬ್ಬ ಯುವಕ ಎದ್ದು ನಿಂತ. ಮೇಡಂ ಅವರ ಹಳೆಯ ಶಿಷ್ಯ, ಈಗ ತಾನೂ ಮೇಷ್ಟ್ರು. “ನಾನು ಇವತ್ತು ಮೇಷ್ಟ್ರಾಗಿದ್ದರೆ ಇವರ ಪಾಠದಿಂದ,” ಎಂದು ಕೈ ಮುಗಿದ. “ಆದ್ರೆ ಮೇಡಂ, ಇವತ್ತು ನೀವು ನಿಮ್ಮ ಆ ಅದ್ಭುತ ಉದಾಹರಣೆ ಬಿಟ್ಟುಬಿಟ್ರಿ! ನಾನು ಪ್ರತಿ ವರ್ಷ ನನ್ನ ತರಗತಿಯಲ್ಲಿ ಅದನ್ನೇ ಹೇಳೋದು. ಬಂದವರೂ ಕೇಳಲಿ,” ಎಂದು ಶುರುಮಾಡಿಯೇಬಿಟ್ಟ.

ಕಥೆಯಲ್ಲಿ ಗಡಿಯಾರದ ಹುಡುಗ ಬಂದ. ಫೋನು ಬಂತು. ಅಪ್ಪ ಬಂದ. ಶಿಷ್ಯನಿಗೆ ಒಳ್ಳೆಯ ಕಂಠವಿತ್ತು, ಎಲ್ಲಿ ನಿಲ್ಲಿಸಬೇಕೆಂಬುದನ್ನು ಮೇಡಂ ಹತ್ತಿರವೇ ಕಲಿತಿದ್ದ. ಮಕ್ಕಳು ತಲೆ ತಗ್ಗಿಸಿದ್ದರು. ಗುಬ್ಬಿ ಬೆರಳಿನಿಂದ ಡೆಸ್ಕಿನ ಅಂಚು ಗೀರುತ್ತಿದ್ದಳು. ಬಸ್ಸಿನ ಮಾತು ಹೇಳಿ ಶಿಷ್ಯ ನಗುವಿಗಾಗಿ ಕಾದ. ಯಾರೂ ನಗಲಿಲ್ಲ. ಕೇಳಿಸಲಿಲ್ಲವೇನೋ ಎಂದು ಅವನು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದ. ಆ ಅಕ್ಕ ಅಲ್ಲೇ ಕೂತಿದ್ದಾಳೆಂದು ಆ ಕೋಣೆಯಲ್ಲಿ ಗೊತ್ತಿಲ್ಲದವರೆಂದರೆ ಅವನೂ ಅವನ ಜೊತೆ ಬಂದವರೂ ಮಾತ್ರ.

“ಅವಳಿಗೆ ಜಡೆ ಹಾಕಿದ್ದು ಯಾರು ಗೊತ್ತಾ? ಸ್ವತಃ ನಮ್ಮ ಮೇಡಂ! ಎಲ್ಲಾ ಗೊತ್ತಿದ್ದು!”

ಸಾಕು ಎನ್ನುವುದು ಎಷ್ಟು ದೊಡ್ಡ ಮಾತು? ಕೊನೆಯ ಬೆಂಚಿನ ಪಿಸುಮಾತನ್ನೂ ಹಿಡಿದು ನಿಲ್ಲಿಸುವ ಮೇಡಂಗೆ ಆ ಒಂದು ಮಾತು ಬರಲಿಲ್ಲ. ನಿಲ್ಲಿಸಿದರೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ ಎಂಬ ಹೆದರಿಕೆ. ಅಕ್ಕನ ಮಾನಕ್ಕಿಂತ ಆಗಲೂ ತಮ್ಮ ಮಾನವೇ ಮುಂದೆ ಬಂದು ನಿಂತಿತು. ಅಕ್ಕನ ಕಡೆ ನೋಡಬಾರದೆಂದುಕೊಂಡೇ ನೋಡಿದರು.

ಅಕ್ಕನ ಸೂಜಿ ನಿಂತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಆಡತೊಡಗಿತು. ಅಂಚಿನ ಕೊನೆಯವರೆಗೂ ಹೊಲಿದಳು, ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು, ನಿಲುವಂಗಿಯನ್ನು ಮಡಿಸಿ ಗುಬ್ಬಿಯ ಕೈಗೆ ಕೊಟ್ಟು ಯಾರ ಮುಖವನ್ನೂ ನೋಡದೆ ಹೊರಗೆ ಹೋದಳು. ಬಂದವರು ಚಪ್ಪಾಳೆ ತಟ್ಟಿದರು.

ಸಂಜೆ ಮೇಡಂ ಮನೆಗೆ ಹೋಗುವ ದಾರಿಯಲ್ಲಿ ಎರಡು ಸುತ್ತು ಹೆಚ್ಚಿಗೆ ಹಾಕಿದರು. ಒಳಗೆ ಹೋದಾಗ ಅಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಎಷ್ಟೋ ವಾಸಿಯಿತ್ತು.

“ಆ ಮಕ್ಕಳು ನಗ್ತಿದ್ದದ್ದು ಅದಕ್ಕಾ?” ಎಂದು ಕೇಳಿದಳು.

ಮೇಡಂ ಚೀಲ ಕೆಳಗಿಡಲೂ ಮರೆತು ನಿಂತಿದ್ದರು.

“ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ. ನನ್ನ ಮಾತನ್ನ ಊರಿಗೆಲ್ಲ ಹಂಚಿದ್ದೀಯ. ಅದಕ್ಕೆ ನಿನ್ನ ಇನ್ನೊಂದು ದಿನ ಸರಿಯಾಗಿ ಬೈತೀನಿ, ಇವತ್ತು ಕೈಲಾಗಲ್ಲ.” ಅಕ್ಕ ಒಂದು ಟವೆಲನ್ನು ಮಡಿಸಿದಳು, ಬಿಡಿಸಿದಳು. “ಒಂದು ಮಾತ್ರ ಹೇಳು. ನಿಂಗೆ ಯಾವಾಗ ಗೊತ್ತಾಯ್ತು? ಜಡೆ ಹಾಕೋಕ್ ಮೊದಲಾ, ಆಮೇಲಾ?”

ಎಷ್ಟೋ ವರ್ಷಗಳಿಂದ, ಹೆಸರೂ ನೆನಪಿಲ್ಲದ ನೂರಾರು ಮಕ್ಕಳಿಗೆ ಇದರ ಉತ್ತರವನ್ನು ಮೇಡಂ ಕಂಚಿನ ಕಂಠದಲ್ಲಿ ಹೇಳಿದ್ದರು. ಈಗ ಕೇಳಬೇಕಾದವಳೇ ಕೇಳುತ್ತಿದ್ದಳು.

“ಆಮೇಲೆ,” ಎಂದರು ಮೇಡಂ.

ಅಕ್ಕನ ಭುಜ ಇಳಿಯಿತು. ಮುಖದಲ್ಲಿ ಬೆಳಗಿನಿಂದ ಇಲ್ಲದ ಸಮಾಧಾನ ಬಂತು. “ಹಾಗೇ ಅಂದ್ಕೊಂಡೆ. ಆ ಹುಡುಗ ಕಥೆಗೆ ಉಪ್ಪುಖಾರ ಹಚ್ಚಿದಾನೆ, ಅಷ್ಟೇ. ಜ್ಞಾಪಕ ಇದ್ಯಾ ನಿಂಗೆ? ಮೊದಲು ಹಾಕಿದ್ದು ಸೊಟ್ಟ ಬಂತು ಅಂತ ನೀನೇ ಪೂರ್ತಿ ಬಿಚ್ಚಿ ಮತ್ತೆ ಹಾಕಿದೆ. ಗೊತ್ತಿದ್ದವಳು ಯಾರಾದ್ರೂ ಹಾಗೆ ಮಾಡ್ತಾಳಾ?” ಎದ್ದು ಒಲೆ ಹಚ್ಚಲು ಹೋದಳು. “ಕೈಕಾಲು ತೊಳ್ಕೊ. ಬೆಳಗಿಂದ ಏನೂ ತಿಂದಿಲ್ಲ ಅನ್ನೋ ಹಾಗಿದೆ ನಿನ್ನ ಮುಖ.”

ಮೇಡಂ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತರು. ಕನ್ನಡಿ ನೋಡಲು ಹೇಸಿಗೆಯಾಯಿತು. ಪಾಠಕ್ಕೆ ಅಕ್ಕನನ್ನು ಮಾರಿಕೊಂಡದ್ದು ಒಂದು. ಅವಳು ನಂಬಿದ ಕೂಡಲೇ ತಮಗೆ ಹಾಯೆನಿಸಿತಲ್ಲ, ಅದು ಇನ್ನೊಂದು. ಎರಡನೆಯದಕ್ಕೆ ಹೆಚ್ಚು ನಾಚಿಕೆಯಾಯಿತು.

ಮಾರನೆಯ ದಿನ ಕಾಲೇಜು ಬಿಟ್ಟ ಮೇಲೆ ಬಾಯಿಬಡುಕ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಮೇಡಂ, ಅಕ್ಕ ಕರೀತಿದಾರೆ. ಅಂಗಡಿಗೆ,” ಎಂದ. ಹೋಗಿ ನೋಡಿದರೆ ತರಗತಿಯ ಅರ್ಧ ಅಲ್ಲಿತ್ತು. ಯಾರೂ ಏನೂ ಹೊಲಿಸಲು ತಂದಿರಲಿಲ್ಲ. ತಪ್ಪಾಯಿತು ಎಂದು ಹೇಳಲು ಬಂದು, ಹೇಗೆ ಶುರುಮಾಡುವುದೆಂದು ತಿಳಿಯದೆ, ಹೊಲಿಗೆ ಯಂತ್ರದ ಸುತ್ತ ಅಪರಾಧಿಗಳ ಹಾಗೆ ನಿಂತಿದ್ದರು. ಅಕ್ಕ ಅವರನ್ನು ಸುಮ್ಮನೆ ನಿಲ್ಲಲು ಬಿಡದೆ, ನಾಟಕದ ಬಟ್ಟೆಗೆ ಅಳತೆ ಬೇಕು ಎಂಬ ನೆಪ ತೆಗೆದು ಗುಬ್ಬಿಯ ಭುಜಕ್ಕೆ ಟೇಪು ಹಿಡಿದಿದ್ದಳು.

“ಬಾ, ನೀನೂ ಇರಬೇಕು ಅಂತ ಕರೆಸ್ದೆ,” ಎಂದಳು ತಂಗಿಗೆ. ಆಮೇಲೆ ಮಕ್ಕಳ ಕಡೆ ತಿರುಗಿದಳು. “ನೋಡ್ರಪ್ಪಾ, ನನ್ನ ನೋಡಿ ನಕ್ರಿ, ಹೋಗ್ಲಿ. ವಯಸ್ಸೇ ಹಾಗೆ. ಆದ್ರೆ ನಿನ್ನೆ ಆ ಮೇಷ್ಟ್ರು ಹೇಳಿದ್ರಲ್ಲ, ತಂಗಿಗೆ ಎಲ್ಲಾ ಗೊತ್ತಿತ್ತು ಅಂತ, ಅದು ಸುಳ್ಳು. ಅವಳಿಗೆ ಗೊತ್ತಾಗಿದ್ದು ಆಮೇಲೆ. ನಾನೇ ಕೇಳ್ದೆ. ನಿಮ್ಮ ಮೇಡಂ ಅಂಥವಳಲ್ಲ. ಅದೊಂದು ತಪ್ಪು ತಿಳ್ಕೊಬೇಡಿ.”

ಮಕ್ಕಳು ಅಕ್ಕನನ್ನು ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಮೇಡಂ ಕಡೆ ನೋಡಿದರು. ಮೇಡಂ ತಮ್ಮ ಬಾಯಾರೆ ಹೇಳಿದ್ದನ್ನು ಅವರೆಲ್ಲ ಕೇಳಿದ್ದರು, ಪರೀಕ್ಷೆಯಲ್ಲಿ ಬರೆದಿದ್ದರು, ಮೇಡಂ ಅದಕ್ಕೆ ಅಂಕ ಕೊಟ್ಟಿದ್ದರು. ಬಾಯಿಬಡುಕ ಬಾಯಿ ಮುಚ್ಚಿಕೊಂಡಿದ್ದ. ಸುಮ್ಮನಿರುವುದು ದೊಡ್ಡ ಗುಣವೆಂದು ಈ ಮೇಡಂ ಅವರೇ ಕಲಿಸಿದ್ದರಲ್ಲ, ಮಕ್ಕಳು ಕಲಿತ ಹಾಗೇ ಸುಮ್ಮನಿದ್ದರು. ಗುಬ್ಬಿ ಮಾತ್ರ ಟೇಪಿನ ಕೆಳಗೆ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಆ ನೋಟದಲ್ಲಿ ಬೈಗುಳವಿರಲಿಲ್ಲ. ಇದ್ದಿದ್ದರೆ ಮೇಡಂ ಅದನ್ನು ಗದರಿಸಿ ದಾಟಿಬಿಡುತ್ತಿದ್ದರು. ನಿಜ ಹೇಳುತ್ತೀರಿ ತಾನೆ ಎಂದು ಆ ನೋಟ ಕಾಯುತ್ತಿತ್ತು.

“ಗೊತ್ತಿತ್ತು ಅಕ್ಕ,” ಎಂದರು ಮೇಡಂ. ಧ್ವನಿ ತರಗತಿಯ ಧ್ವನಿಯಾಗಿರಲಿಲ್ಲ, ಎದುರಿನವರಿಗೂ ಸರಿಯಾಗಿ ಕೇಳುವಂತಿರಲಿಲ್ಲ. ಮತ್ತೆ ಹೇಳಬೇಕಾಯಿತು. “ಮೊದಲೇ ಗೊತ್ತಿತ್ತು. ಅಪ್ಪ ಹೇಳುವಾಗ ನಾನು ಅಲ್ಲೇ ಇದ್ದೆ. ಆಮೇಲೇ ಬಂದು ನಿನ್ನ ಜಡೆ ಹಾಕಿದ್ದು. ನಿನ್ನೆ ನಿಂಗೆ ಸುಳ್ಳು ಹೇಳ್ದೆ.”

ಅಕ್ಕ ಗುಬ್ಬಿಯ ಭುಜದಿಂದ ಟೇಪು ತೆಗೆದು ಕೈಗೆ ಸುತ್ತಿಕೊಂಡಳು. ಬಹಳ ಹೊತ್ತು ಅದನ್ನೇ ಸುತ್ತಿದಳು. ಝೆರಾಕ್ಸ್ ಯಂತ್ರ ಒಳಗೆ ಒಂದೇ ಸಮ ಹಾಳೆ ಉಗುಳುತ್ತಿತ್ತು.

“ಹಾಗಾದ್ರೆ ಬಿಚ್ಚಿ ಎರಡನೇ ಸಲ ಯಾಕೆ ಹಾಕ್ದೆ?”

ಮೇಡಂ ಯೋಚಿಸಿದರು. ಅದಕ್ಕೆ ಅವರ ಹತ್ತಿರ ಇದ್ದದ್ದು ಒಂದೇ ಉತ್ತರ, ಅದು ನಿಜವೂ ಆಗಿತ್ತು.

“ಚೆನ್ನಾಗಿ ಕಾಣಲಿ ಅಂತ.”

“ಯಾರಿಗೆ?” ಎಂದಳು ಅಕ್ಕ.